ಕೂಗಣ್ಣ ಕ್ಯಾಕರಿಸದ ದಿನ

ಹನ್ನೊಂದು ದಿನದ ಸಂಬಳ ಇನ್ನೂ ಬಂದಿಲ್ಲ. ಬರಬೇಕಾದದ್ದು ಕೂಗಣ್ಣನಿಗೆ, ಕೊಡಬೇಕಾದವರು ಕಾರ್ಮಿಕ ನ್ಯಾಯಾಲಯದ ಕಚೇರಿಯವರು. ಮೊತ್ತ ದೊಡ್ಡದೇನಲ್ಲ. ಅದನ್ನು ಹಿಡಿದಿಟ್ಟುಕೊಂಡ ಕಾರಣ ಮಾತ್ರ ಎಂಥದ್ದೆಂದರೆ, ನಲವತ್ತು ವರ್ಷ ಧರಣಿ, ಮೆರವಣಿಗೆ, ಲಾಠಿ ಎಲ್ಲವನ್ನೂ ಕಂಡ ನನಗೂ ಮೊದಲ ಸಲ ಕೇಳಿದಾಗ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಆತನ ಗಂಟಲು ವಾಸಿಯಾಗುತ್ತ ಬಂದದ್ದೇ ಆ ಕಾರಣ.

ಕೂಗಣ್ಣ ಎಂಬುದು ಕಾರಿಡಾರಿನವರು ಇಟ್ಟ ಹೆಸರು. ನ್ಯಾಯಾಲಯದ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಆತನ ಕೆಲಸ. ಒಂದೊಂದು ಹೆಸರನ್ನು ಮೂರು ಸಲ ಕೂಗಬೇಕು. ಮೂರನೇ ಕೂಗಿಗೂ ಕಕ್ಷಿದಾರ ಒಳಗೆ ಬರಲಿಲ್ಲವೆಂದರೆ ಆತ ಗೈರು. ಅರ್ಜಿ ಹಾಕಿದವನೇ ಗೈರಾದರೆ ಅರ್ಜಿ ವಜಾ. ದಿನಕ್ಕೆ ಎಪ್ಪತ್ತು ಎಂಬತ್ತು ಪ್ರಕರಣ, ಪ್ರತಿಯೊಂದರಲ್ಲೂ ಎರಡು ಕಡೆಯವರು. ಹತ್ತೊಂಬತ್ತು ವರ್ಷದಿಂದ ಆತನ ಗಂಟಲು ಇದನ್ನು ಹೊತ್ತಿದೆ.

ಕಾರಿಡಾರು ಉದ್ದ. ಬಾಗಿಲಿಂದ ಮೆಟ್ಟಿಲಿನವರೆಗೆ ಅರವತ್ತು ಹೆಜ್ಜೆ. ಬಾಗಿಲ ಹತ್ತಿರದ ಬೆಂಚುಗಳಲ್ಲಿ ಕಂಪನಿ ವಕೀಲರು, ಅವರ ಗುಮಾಸ್ತರು, ಅವರ ಬ್ಯಾಗುಗಳು. ಬ್ಯಾಗಿಗೂ ಬೆಂಚು ಬೇಕಲ್ಲ! ಕೆಲಸ ಕಳೆದುಕೊಂಡವರು ಕೊನೆಗೆ, ಮೆಟ್ಟಿಲ ಮೇಲೆ, ಸೈಕಲ್ ಸ್ಟ್ಯಾಂಡಿನ ಗದ್ದಲಕ್ಕೆ ಕಿವಿಯೊಡ್ಡಿ ಕೂರುತ್ತಾರೆ. ನಮ್ಮ ಸಂಘದವರ ಪ್ರಕರಣಗಳಿಗಾಗಿ ನಾನೂ ಅಲ್ಲಿ ಕೂತು ಕೂತು ಮೂರು ಜೊತೆ ಪ್ಯಾಂಟು ಸವೆಸಿದ್ದೇನೆ.

ಅಷ್ಟು ದೂರಕ್ಕೆ ಹೆಸರು ಕೇಳಿಸುವುದಿಲ್ಲ. ಕೇಳಿಸುತ್ತಿದ್ದದ್ದು ಕೂಗಣ್ಣನ ಗಂಟಲು. ಹೆಸರಿಗೆ ಮುಂಚೆ ಆತ ಒಮ್ಮೆ ಕ್ಯಾಕರಿಸುತ್ತಿದ್ದ. ಸಾಮಾನ್ಯ ಕ್ಯಾಕರಿಕೆಯಲ್ಲ ಅದು, ಖಾಲಿ ಲಾರಿಯನ್ನು ಏರಿನಲ್ಲಿ ಎರಡನೇ ಗೇರಿಗೆ ಹಾಕಿದಂತೆ ಹೊಟ್ಟೆಯ ತಳದಿಂದ ಎದ್ದು ಬರುತ್ತಿತ್ತು. ಕೇಳಿದ ತಕ್ಷಣ ಇಡೀ ಕಾರಿಡಾರು ಬಾಯಿ ಮುಚ್ಚುತ್ತಿತ್ತು. ಮಾತು ನಿಂತ ಆ ಎರಡು ಕ್ಷಣದಲ್ಲಿ ಹೆಸರು ತೇಲಿ ಮೆಟ್ಟಿಲಿನವರೆಗೆ ಬರುತ್ತಿತ್ತು. ಹೊಸಬರಿಗೆ ಹಳಬರು ಹೇಳಿಕೊಡುತ್ತಿದ್ದದ್ದೂ ಇದನ್ನೇ: "ಹೆಸರಿಗೆ ಕಾಯಬೇಡ. ಅವನು ಕ್ಯಾಕರಿಸಿದ ಅಂದ್ರೆ ಎದ್ದು ನಿಂತ್ಕೋ, ಆಮೇಲೆ ಯಾರ ಹೆಸರು ಅಂತ ನೋಡು."

ನಮಗೆ ಅನುಕೂಲ. ಆತನಿಗೆ ಅದು ನರಕ ಎಂದು ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಐದು ವರ್ಷದಿಂದ ಆತನ ಗಂಟಲಲ್ಲಿ ಏನೋ ಕೂತಿತ್ತು. ನುಂಗಿದರೆ ಇಳಿಯದು, ಉಗಿದರೆ ಬಾರದು. ಅನ್ನ ಸಲೀಸಾಗಿ ಇಳಿಯುತ್ತಿತ್ತು, ನೀರು ಇಳಿಯುತ್ತಿತ್ತು, ಆ ಒಂದು ಗಂಟು ಮಾತ್ರ ಅಲ್ಲಿಯೇ. ಬೆಳಿಗ್ಗೆ ಎದ್ದರೆ ಗೋಂದಿನಂಥ ಕಫ. ಅರ್ಧ ಗಂಟೆ ಬಚ್ಚಲಲ್ಲಿ ಯುದ್ಧ ಮಾಡಿದರೆ ಒಂದು ಎಳೆ ಬರುತ್ತಿತ್ತು, ಹತ್ತು ನಿಮಿಷಕ್ಕೆ ಇನ್ನೊಂದು ಹುಟ್ಟಿಕೊಳ್ಳುತ್ತಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಹೆಂಡತಿ ಇಸ್ತ್ರಿ ಅಂಗಡಿ ನಡೆಸುತ್ತಾಳೆ. ಆಕೆ ಲೆಕ್ಕ ಇಟ್ಟಿದ್ದಳು.

"ಒಂದು ಅಂಗಿ ಇಸ್ತ್ರಿ ಮಾಡೋ ಹೊತ್ತಿಗೆ ಹದಿನಾಲ್ಕು ಸಲ ರೀ. ಗಿರಾಕಿಗಳು ಬಟ್ಟೆ ಕೊಡೋಕೆ ಬಂದವರು, ಒಳಗೆ ಯಾರಿಗೋ ಹುಷಾರಿಲ್ವೇನಮ್ಮ ಅಂತ ಹಿಂದೆ ಸರೀತಾರೆ."

"ನಾನೇನು ಬೇಕು ಅಂತ ಮಾಡ್ತೀನಾ?"

"ಬೇಡ ಅಂತನಾದ್ರೂ ಎಲ್ಲಿ ಬಿಡ್ತೀರಿ?"

ಗಂಟಲು ಕೆಟ್ಟವನಿಗೆ ಊರೆಲ್ಲ ವೈದ್ಯರೇ. ಪಕ್ಕದ ಮನೆಯಾತ ಜೇನು ಎಂದ. ಕಚೇರಿಯ ಬೆರಳಚ್ಚುಗಾರ ಮೆಣಸು ಅಗಿಯಲು ಹೇಳಿದ. ಹೆಂಡತಿಯ ತಮ್ಮ ಪ್ರತಿ ಭಾನುವಾರ ಬಂದು ಹೊಸದೊಂದು ಸೀಸೆ ಇಟ್ಟು ಹೋಗುತ್ತಿದ್ದ. "ಭಾವ, ಇದನ್ನ ಕುಡೀರಿ, ಕಲ್ಲಾದ್ರೂ ಕರಗಿಬಿಡ್ತದೆ." ಕಲ್ಲು ಕರಗುತ್ತಿತ್ತೋ ಏನೋ, ಕಫ ಕರಗಲಿಲ್ಲ. ಔಷಧಿ ಅಂಗಡಿಯವನು ಕೇಳಿದಾಗಲೆಲ್ಲ ಐದು ದಿನದ ಆಂಟಿಬಯಾಟಿಕ್ ಕೊಟ್ಟ. ನಾಲ್ಕು ಸುತ್ತು ನುಂಗಿ ಹೊಟ್ಟೆ ಕೆಟ್ಟದ್ದೊಂದೇ ಲಾಭ. ಇವೆಲ್ಲದರ ಜೊತೆಗೆ ಜೇಬಿನಲ್ಲಿ ಸದಾ ಪುದೀನ ಗುಳಿಗೆ, ದಿನಕ್ಕೆ ಒಂದು ಪಟ್ಟಿ. ಬಾಯಲ್ಲಿಟ್ಟ ಕ್ಷಣ ತಂಪು, ಕರಗಿದ ಮೇಲೆ ಮತ್ತೆ ಅದೇ ರಾಗ.

ಬಾಯಿಬಿಟ್ಟು ಹೇಳದ ಭಯವೊಂದು ಬೇರೆ ಇತ್ತು. ಗಡ್ಡೆ ಇರಬಹುದು ಎಂಬ ಭಯ. ಅದಕ್ಕೇ ಆತ ದೊಡ್ಡ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಹೆಂಡತಿ ಒಂದು ದಿನ ಇಸ್ತ್ರಿಪೆಟ್ಟಿಗೆ ಆರಿಸಿ, ಅಂಗಡಿಯ ಬಾಗಿಲು ಎಳೆದು, "ನಡೀರಿ ಈಗ. ಬರೋದಿಲ್ಲ ಅಂದ್ರೆ ಇವತ್ತಿಂದ ನಿಮ್ಮ ಯೂನಿಫಾರಂ ಮುದುರಿಕೊಂಡೇ ಹೋಗ್ತದೆ" ಎಂದಳು. ಕೂಗಣ್ಣನಿಗೆ ಮುದುರಿದ ಯೂನಿಫಾರಂ ಎಂದರೆ ಮಾನ ಹೋದಂತೆ. ಹೊರಟ.

ಸರ್ಕಾರಿ ಆಸ್ಪತ್ರೆಯ ಗಂಟಲು ಡಾಕ್ಟರಮ್ಮ ಮೂಗಿನಲ್ಲಿ ಸಣ್ಣ ಕೊಳವೆ ಇಳಿಸಿ ಒಳಗೆ ಕ್ಯಾಮೆರಾ ಬಿಟ್ಟು ನೋಡಿದರು. ಪರದೆಯಲ್ಲಿ ಕೆಂಪಗೆ ಹೊಳೆಯುವ ಏನೋ ಕಾಣಿಸಿತು. ಕೂಗಣ್ಣ ಕಣ್ಣು ಮುಚ್ಚಿಕೊಂಡ.

"ಕಣ್ಣು ಬಿಡಿ. ಗಡ್ಡೆ ಇಲ್ಲ, ಹುಣ್ಣೂ ಇಲ್ಲ. ಸ್ವರಪೆಟ್ಟಿಗೆಯ ಹಿಂಭಾಗ ಊದಿಕೊಂಡಿದೆ ಅಷ್ಟೇ. ಊಟ ಯಾವಾಗ ಮಾಡ್ತೀರಿ?"

ಗಂಟಲಿಗೆ ಬಂದರೆ ಊಟದ ವಿಷಯ ಕೇಳುತ್ತಾರಲ್ಲ ಎಂದು ಆತ ಹೆಂಡತಿಯ ಮುಖ ನೋಡಿದ. ಉತ್ತರ ಹೇಳಿದ್ದು ಆಕೆಯೇ. ಬೆಳಿಗ್ಗೆ ಒಂದು ಲೋಟ ಟೀ. ಕೂಗುವ ಕೆಲಸ ಮುಗಿಯುವತನಕ ಊಟ ಇಲ್ಲ, ಅದರ ಬದಲು ಇನ್ನೂ ಐದು ಟೀ. ಮೂರು ಗಂಟೆಗೆ ನಾಲ್ಕು ತುತ್ತು. ಮನೆಗೆ ಬಂದು ಹೊಟ್ಟೆ ಬಿರಿಯುವಷ್ಟು ಉಂಡು, ಕೈ ತೊಳೆದವರೇ ಮಲಗುವುದು.

"ನೀರು?"

"ನೀರು ಕುಡಿದ್ರೆ ಎದ್ದು ಹೋಗಬೇಕಾಗುತ್ತೆ ಡಾಕ್ಟ್ರೇ," ಎಂದ ಕೂಗಣ್ಣ. "ನಮ್ಮ ಪಾಯಿಖಾನೆ ಕಟ್ಟಡದ ಹಿಂದಿದೆ. ಸಾಹೇಬರು ಪೀಠದ ಮೇಲಿರೋವಾಗ ಬಾಗಿಲು ಬಿಡೋ ಹಾಗಿಲ್ಲ. ಅದಕ್ಕೇ ಕುಡಿಯಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೋಡಿ, ಹೊಟ್ಟೆಯ ಹುಳಿ ಮೇಲೆ ಬರ್ತಿದೆ."

"ನನಗೆ ಎದೆ ಉರಿಯೋದೇ ಇಲ್ವಲ್ಲ?"

"ಉರೀದೇನೂ ಬರುತ್ತೆ. ಗಂಟಲು ಹೊಟ್ಟೆಯಷ್ಟು ಗಟ್ಟಿ ಅಲ್ಲ, ಒಂದು ಚೂರು ಹುಳಿ ತಾಗಿದ್ರೂ ಕೆರಳುತ್ತೆ. ಕೆರಳಿದ ಗಂಟಲು ತನ್ನನ್ನು ಕಾಪಾಡಿಕೊಳ್ಳೋಕೆ ಕಫ ಮಾಡ್ಕೊಳ್ಳುತ್ತೆ. ನೀವು ಅದನ್ನ ಕಿತ್ತು ಹಾಕಬೇಕು ಅಂತ ಕ್ಯಾಕರಿಸ್ತೀರಿ. ಆಗ ಒಳಗಿನ ಎರಡು ಸ್ವರತಂತು ಒಂದಕ್ಕೊಂದು ಬಡಿದುಕೊಂಡು ಇನ್ನಷ್ಟು ಊದ್ತವೆ. ಆ ಊತವೇ ನಿಮ್ಮ ಗಂಟು. ಅದನ್ನ ಕಫ ಅಂದ್ಕೊಂಡು ಮತ್ತೆ ಕ್ಯಾಕರಿಸ್ತೀರಿ. ಐದು ವರ್ಷ ನಿಮ್ಮ ಗಂಟಲಿಗೆ ನೀವೇ ಹೊಡೆದಿದ್ದೀರಿ."

ಎಲ್ಲರ ಗಂಟಲ ಕಥೆಯೂ ಇದೇ ಅಲ್ಲ ಎಂದೂ ಅವರು ಹೇಳಿದರು. ಕೆಲವರಿಗೆ ಮೂಗಿನಿಂದ ಇಳಿಯುತ್ತದೆ, ಕೆಲವರಿಗೆ ಧೂಳು, ಕೆಲವರಿಗೆ ಬೀಡಿ ಸಿಗರೇಟು. ನೋಡದೆ ಔಷಧಿ ನುಂಗಿದರೆ ಇವನಂತೆಯೇ ವರ್ಷಗಳು ಹಾಳು. ಪುದೀನ ಗುಳಿಗೆ ಬಿಡಬೇಕು, ಅದು ಹೊಟ್ಟೆಯ ಮೇಲಿನ ಬಾಗಿಲನ್ನು ಇನ್ನೂ ಸಡಿಲ ಮಾಡುತ್ತದೆ. ಟೀ ಎರಡಕ್ಕೆ ಇಳಿಸಬೇಕು. ಉಂಡು ಮೂರು ಗಂಟೆ ಮಲಗಬಾರದು, ಮಂಚದ ತಲೆಯ ಕಾಲಿಗೆ ಎರಡು ಇಟ್ಟಿಗೆ ಕೊಡಬೇಕು. ಕಚೇರಿಯ ಹಳೆ ಕಡತ ಕೊಡವುವಾಗ ಮುಖಕ್ಕೆ ಬಟ್ಟೆ ಕಟ್ಟಬೇಕು. ಕ್ಯಾಕರಿಸಬೇಕು ಅನ್ನಿಸಿದಾಗೆಲ್ಲ ಒಂದು ಗುಟುಕು ನೀರು, ನೀರಿಲ್ಲದಿದ್ದರೆ ಎಂಜಲು ನುಂಗಬೇಕು. ಅದಕ್ಕೂ ತಡೆಯದಿದ್ದರೆ ಸದ್ದಿಲ್ಲದೆ 'ಹಾ' ಎಂದು ಉಸಿರು ಬಿಡಬೇಕು.

"ಎಷ್ಟು ದಿನ?"

"ದಿನ ಅಲ್ಲ, ತಿಂಗಳು. ಮೂರು ತಿಂಗಳಾದ್ರೂ. ಇದರ ನಡುವೆ ರಕ್ತ ಬಂದ್ರೆ, ನುಂಗೋಕೆ ಕಷ್ಟ ಆದ್ರೆ, ಸುಮ್ಮನೆ ತೂಕ ಇಳಿದ್ರೆ, ಕತ್ತಲ್ಲಿ ಗಂಟು ಕಂಡ್ರೆ, ಇಲ್ಲಾ ಮೂರು ವಾರ ಆದ್ರೂ ಸ್ವರ ಒಡೆದೇ ಇದ್ರೆ, ಕಾಯದೆ ಬನ್ನಿ."

ಆತ ಹೊರಗೆ ಬಂದು ಮೊದಲು ಮಾಡಿದ ಕೆಲಸ ಕ್ಯಾಕರಿಸಿದ್ದು. ಹೆಂಡತಿ ತಲೆ ಚಚ್ಚಿಕೊಂಡಳು.

ಬೀಡಿ ಬಿಡುವುದು ಸುಲಭ, ಕ್ಯಾಕರಿಕೆ ಬಿಡುವುದು ಕಷ್ಟ ಎಂದು ಆತ ಆಮೇಲೆ ನನಗೆ ಹೇಳಿದ. ಬೀಡಿಯಾದರೆ ಅಂಗಡಿಗೆ ಹೋಗಿ ತರಬೇಕು, ಇದು ಗಂಟಲಲ್ಲಿಯೇ ಇರುತ್ತದಲ್ಲ. ಮೊದಲ ಎರಡು ವಾರ ಹುಚ್ಚು ಹಿಡಿಯುವುದೊಂದು ಬಾಕಿ. ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗುತ್ತಿದ್ದ. ಕಂಕುಳಲ್ಲಿ ನೀರಿನ ಬಾಟಲಿ. ಹೆಡ್ ಕ್ಲರ್ಕ್ ಅದನ್ನು ನೋಡಿ, "ಏನಯ್ಯಾ, ಪ್ರವಾಸ ಹೊರಟಿದ್ದೀಯಾ?" ಎಂದರು. ನೀರು ಕುಡಿದ ಮೇಲೆ ಆಗಬೇಕಾದ್ದು ಆಗಲೇಬೇಕು. ಎರಡು ಪ್ರಕರಣಗಳ ನಡುವೆ ಕಟ್ಟಡದ ಹಿಂದಕ್ಕೆ ಓಡುತ್ತಿದ್ದ, ಓಡಿ ಬರುತ್ತಿದ್ದ, ಬೈಸಿಕೊಳ್ಳುತ್ತಿದ್ದ. ಐವತ್ತು ದಾಟಿದ ಗಂಡಸು ಉಚ್ಚೆಗೆ ಅಪ್ಪಣೆ ಕೇಳಬೇಕಾದ ಕಚೇರಿಗೆ ನ್ಯಾಯಾಲಯ ಎಂದು ಹೆಸರು.

ಆದರೂ ಗುಣ ಕಂಡಿತು. ಆರನೇ ವಾರಕ್ಕೆ ಬೆಳಗಿನ ಬಚ್ಚಲ ಯುದ್ಧ ಹತ್ತು ನಿಮಿಷಕ್ಕೆ ಇಳಿಯಿತು. ಎಂಟನೇ ವಾರಕ್ಕೆ ಒಂದು ಅಂಗಿಗೆ ಎರಡು ಸಲ. ಗಂಟು ಪೂರ್ತಿ ಹೋಗಿರಲಿಲ್ಲ, ಸಣ್ಣದಾಗಿತ್ತು. ಬಾಗಿಲಲ್ಲಿ ಹೆಸರಿಗೆ ಮುಂಚೆ ತಡೆಯಲಾಗದೆ ಜಾರಿಬೀಳುತ್ತಿದ್ದ ಕ್ಯಾಕರಿಕೆಯೂ ಆ ವಾರ ನಿಂತಿತು. "ಅಕ್ಕಾ, ನನ್ನ ಔಷಧಿ ಕೆಲಸ ಮಾಡ್ತು ನೋಡು" ಎಂದ ಹೆಂಡತಿಯ ತಮ್ಮನಿಗೆ ಆಕೆ ಹಳೆಯ ಸೀಸೆಗಳನ್ನೆಲ್ಲ ಚೀಲಕ್ಕೆ ತುಂಬಿ ವಾಪಸ್ಸು ಕೊಟ್ಟು ಕಳಿಸಿದಳು.

ಒಂಬತ್ತನೇ ವಾರದ ಸೋಮವಾರ ಕಾಜಾ ಅಕ್ಕನ ಪ್ರಕರಣ ಇತ್ತು.

ಈಕೆ ಬಟ್ಟೆ ಕಾರ್ಖಾನೆಯಲ್ಲಿ ಹದಿಮೂರು ವರ್ಷ ಅಂಗಿಯ ಗುಂಡಿ ತೂತುಗಳಿಗೆ ಕಾಜಾ ಹೊಲಿದವಳು. ಪಾಳಿ ಮಧ್ಯೆ ಹತ್ತು ನಿಮಿಷ ಬಿಡುವು ಕೊಡಿ ಎಂದು ಕೇಳಿದ್ದಕ್ಕೆ ಮನೆಗೆ ಕಳಿಸಿದರು. ನಾಲ್ಕು ವರ್ಷದಿಂದ ನ್ಯಾಯಾಲಯಕ್ಕೆ ಅಲೆಯುತ್ತಿದ್ದಳು. ಆವತ್ತು ಆಕೆಯ ಸಾಕ್ಷಿ ಹೇಳುವ ದಿನ. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತಿದ್ದೆವು. ನಮ್ಮ ವಕೀಲರು ಇನ್ನೊಂದು ಕೋಣೆಯಲ್ಲಿದ್ದರು, ಕೂಗಿದ ತಕ್ಷಣ ಕರೆಯಿರಿ ಎಂದಿದ್ದರು. ಆಕೆ ಹೇಳಬೇಕಾದ ಮಾತನ್ನು ನನಗೆ ಒಪ್ಪಿಸುತ್ತಿದ್ದಳು, ನಾನು ತಿದ್ದುತ್ತಿದ್ದೆ. ಹನ್ನೆರಡಾಯಿತು. ಒಂದಾಯಿತು. ಕ್ಯಾಕರಿಕೆ ಇಲ್ಲ. ಇನ್ನೂ ನಮ್ಮ ಸರದಿ ಬಂದಿಲ್ಲ ಎಂದುಕೊಂಡೆವು.

ಆಕೆಯ ಕಂಪನಿಯ ವಕೀಲ ನಗುತ್ತ ಹೊರಗೆ ಬಂದ. ಓಡಿದೆವು. ಅರ್ಜಿದಾರರು ಗೈರು, ಮೂರು ಬಾರಿ ಕೂಗಲಾಗಿದೆ, ವಜಾ. ಬರೆದೂ ಆಗಿತ್ತು.

ಕಾಜಾ ಅಕ್ಕ ಕೂಗಣ್ಣನ ಎದುರು ನಿಂತಳು. "ನನ್ನ ಹೆಸರು ಕೂಗಿದ್ಯಾ?"

"ಕೂಗಿದೆನಮ್ಮಾ. ಮೂರು ಸಲ."

"ಕ್ಯಾಕರಿಸಲಿಲ್ವಲ್ಲೋ!"

"ಕ್ಯಾಕರಿಸಬಾರದು ಅಂತ ಡಾಕ್ಟರು ಹೇಳಿದ್ದಾರೆ."

"ನಾಲ್ಕು ವರ್ಷ ದಿನಾ ಕ್ಯಾಕರಿಸಿದೆ, ಉಗಿದೆ, ನಮ್ಮ ಕಿವಿ ತೂತು ಮಾಡಿದೆ. ನನ್ನ ಸರದಿ ಬಂದ ದಿನವೇ ನಿನಗೆ ಆರೋಗ್ಯ ಬೇಕಾಯ್ತಾ, ಅಣ್ಣಾ?"

ಸುತ್ತ ನಿಂತವರಲ್ಲಿ ಇಬ್ಬರು ನಕ್ಕರು. ಆಕೆ ನಗಲಿಲ್ಲ, ಕೂಗಣ್ಣನೂ ನಗಲಿಲ್ಲ. ಆತನ ಕೈ ಗಂಟಲ ಮೇಲೆ ಹೋಯಿತು, ಒಮ್ಮೆ ನುಂಗಿದ. ಅದರ ಹಿಂದಿನ ವಾರ ಇನ್ನಿಬ್ಬರು ತಡವಾಗಿ ಓಡಿ ಬಂದಿದ್ದರು ಎಂದು ಆತನಿಗೆ ಆಗ ನೆನಪಾಯಿತಂತೆ. ಅವರದು ಬರೀ ಮುಂದಿನ ದಿನಾಂಕ ಪಡೆಯುವ ಪ್ರಕರಣವಾದ್ದರಿಂದ ನಷ್ಟವಾಗಿರಲಿಲ್ಲ, ಆತನೂ ತಲೆ ಕೆಡಿಸಿಕೊಂಡಿರಲಿಲ್ಲ.

ತಪ್ಪು ಯಾರದು? ನಾನೂ ಅಲ್ಲೇ ಕೂತಿದ್ದೆನಲ್ಲ. ಎರಡು ತಿಂಗಳಿಂದ ಆತನ ಗಂಟಲಿನ ಸದ್ದು ಕಡಿಮೆಯಾಗುತ್ತ ಬಂದಿದೆ ಎಂಬುದು ಅಷ್ಟೊಂದು ಸಲ ಹೋಗಿ ಬಂದ ನನಗೆ ಗೊತ್ತಾಗಬೇಕಿತ್ತು. ಒಬ್ಬನ ರೋಗವನ್ನೇ ಗಡಿಯಾರ ಮಾಡಿಕೊಂಡಿದ್ದೆವು ನಾವು. ಅದು ನಿಂತಾಗ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ.

ವಜಾ ರದ್ದು ಮಾಡಿ ಎಂದು ನಮ್ಮ ವಕೀಲರು ಅರ್ಜಿ ಹಾಕಿದರು. ಕಂಪನಿಯವರ ವಾದ ಒಂದೇ ಸಾಲಿನದು: ಮೂರು ಸಲ ಕೂಗಿದ್ದಾರೆ, ದಾಖಲೆಯಲ್ಲಿದೆ. ಎಲ್ಲ ಈಗ ಕೂಗಣ್ಣನ ಬಾಯಿಯ ಮೇಲೆ ನಿಂತಿತು. ವಿಚಾರಣೆಯ ಹಿಂದಿನ ದಿನ ಹೆಡ್ ಕ್ಲರ್ಕ್ ಆತನನ್ನು ಕರೆದರು.

"ಕೂಗಿದ್ದೀಯಾ ಇಲ್ವಾ?"

"ಕೂಗಿದ್ದೀನಿ ಸಾರ್."

"ಮುಗೀತಲ್ಲ. ಅಷ್ಟೇ ಹೇಳು. ಕೇಳಿಸ್ತೋ ಇಲ್ವೋ ಅನ್ನೋದು ಅವರ ಕಿವಿಗೆ ಬಿಟ್ಟದ್ದು. ಇನ್ನೊಂದು ಮಾತು ಸೇರಿಸಿದ್ಯೋ, ಕೆಲಸದಲ್ಲಿ ಉದಾಸೀನ ಅಂತ ಬರೀಬೇಕಾಗುತ್ತೆ."

ಮನೆಯಲ್ಲಿ ಹೆಂಡತಿಗೆ ಹೇಳಿದ. ಆಕೆ ಕಾಲರಿನ ಮೇಲೆ ಇಸ್ತ್ರಿ ಒತ್ತಿದಳು. "ಸುಳ್ಳು ನುಂಗಿದ್ರೂ ಮೇಲೆ ಬರ್ತದೆ ರೀ. ಇರೋ ಹುಳಿಯೇ ಸಾಕು ನಮಗೆ."

ಮಾರನೇ ದಿನ ಸಾಹೇಬರ ಮುಂದೆ ಆತ ಯೂನಿಫಾರಂ ಗರಿಗರಿಯಾಗಿ ತೊಟ್ಟು ನಿಂತ. ಹತ್ತೊಂಬತ್ತು ವರ್ಷ ಬೇರೆಯವರನ್ನು ಆ ಕಟಕಟೆಗೆ ಕೂಗಿ ಕರೆದವನು ಮೊದಲ ಸಲ ತಾನೇ ಅದರಲ್ಲಿ ನಿಂತಿದ್ದ.

"ಕೂಗಿದೆ ಸ್ವಾಮಿ. ಮೂರು ಸಲ ಕೂಗಿದೆ. ಆದ್ರೆ ಅದು ಮೆಟ್ಟಿಲ ತನಕ ಹೋಗಲಿಲ್ಲ. ಹೋಗೋದಿಲ್ಲ ಅಂತ ನನಗೆ ಗೊತ್ತಾಗಬೇಕಿತ್ತು. ನನ್ನ ಗಂಟಲಿಗೆ ಅಷ್ಟು ಶಕ್ತಿ ಇಲ್ಲ. ಮೊದಲೂ ಇರಲಿಲ್ಲ. ಕ್ಯಾಕರಿಸ್ತಿದ್ದೆ, ಜನ ಸುಮ್ಮನಾಗ್ತಿದ್ರು, ಅದಕ್ಕೇ ಕೇಳಿಸ್ತಿತ್ತು. ಈಗ ಕ್ಯಾಕರಿಸೋ ಹಾಗಿಲ್ಲ."

ಕಂಪನಿ ವಕೀಲ ಎದ್ದ. "ಸ್ವಾಮಿ, ನ್ಯಾಯಾಲಯದ ಕಲಾಪ ಕಫದ ಮೇಲೆ ನಡೆಯುತ್ತದೆಯೇ?"

"ನಡೀತಿತ್ತು ಸ್ವಾಮಿ," ಎಂದ ಕೂಗಣ್ಣ. "ಅದೇ ನಾನು ಹೇಳ್ತಿರೋದು."

ಸಾಹೇಬರು ನಗು ತಡೆದರು, ವಜಾ ರದ್ದು ಮಾಡಿದರು. ಕಾಜಾ ಅಕ್ಕನ ಪ್ರಕರಣ ಬದುಕಿಕೊಂಡಿತು. ಆಕೆ ಹೊರಗೆ ಬಂದು ಆತನ ಕೈ ಹಿಡಿದು, "ಆವತ್ತು ಬಾಯಿಗೆ ಬಂದಂತೆ ಅಂದೆ ಅಣ್ಣಾ" ಎಂದಳು. "ಅಂದ್ರೆ ಅಂದೆ ಬಿಡಮ್ಮ, ನಿನ್ನ ಗಂಟಲಾದ್ರೂ ಗಟ್ಟಿ ಇದೆಯಲ್ಲ" ಎಂದ.

ಹೆಡ್ ಕ್ಲರ್ಕ್ ಹೇಳಿದ ಮಾತಿಗೆ ತಪ್ಪಲಿಲ್ಲ. ಕೆಲಸದಲ್ಲಿ ಉದಾಸೀನ, ಹನ್ನೊಂದು ದಿನ ಅಮಾನತು, ಸಂಬಳವಿಲ್ಲ. ಮೇಲ್ಮನವಿ ಕೊಟ್ಟು ಏಳು ತಿಂಗಳಾಯಿತು.

ಕೆಲಸಕ್ಕೆ ವಾಪಸ್ಸು ಬಂದವನು ಒಂದು ಕೈಗಂಟೆ ಕೊಡಿ ಎಂದು ಕೇಳಿದ. "ಇದೇನು ಪ್ರೈಮರಿ ಶಾಲೆಯೇ?" ಎಂದರು. ಮೈಕು ಕೇಳಿದರೆ ಅದಕ್ಕೆ ಅವಕಾಶವಿಲ್ಲ ಎಂಬ ಉತ್ತರ. ಬಾಗಿಲ ಹತ್ತಿರ ಒಂದು ನಲ್ಲಿ, ಗಂಟೆಗೊಮ್ಮೆ ಐದು ನಿಮಿಷ ಬಿಡುವು ಕೇಳಿದರೆ ಪರಿಶೀಲಿಸಲಾಗುವುದು ಎಂದು ಬರೆದು ಕೊಟ್ಟರು. ಆ ಪದದ ಅರ್ಥ ನನಗೆ ನಲವತ್ತು ವರ್ಷದಿಂದ ಗೊತ್ತು.

ಇತ್ತ ಕಾರಿಡಾರಿನವರು ಆತನ ಪ್ರಾಣ ತಿನ್ನತೊಡಗಿದರು. "ಒಂದೇ ಒಂದು ಸಲ, ಕೂಗಣ್ಣ. ನಮ್ಮ ಸರದಿಗೆ ಮಾತ್ರ." ಕೆಲಸ ಕಳೆದುಕೊಂಡವರ ಮುಖ ನೋಡಿ ಇಲ್ಲ ಎನ್ನಲು ಆತನಿಗೆ ಆಗಲಿಲ್ಲ. ಮೊದಲು ಮೆಟ್ಟಿಲಿನವರಿಗೆ ಒಂದೊಂದು. ಆಮೇಲೆ ವಯಸ್ಸಾದವರಿಗೆ. ಈಗ ಎಲ್ಲರಿಗೂ. ಹೋದ ವಾರ ಆತನ ಹೆಂಡತಿ ಸಿಕ್ಕಿದ್ದಳು. ಒಂದು ಅಂಗಿಗೆ ಒಂಬತ್ತು ಸಲ ಆಗಿದೆ. ಡಾಕ್ಟರಮ್ಮ ಮತ್ತೆ ಕ್ಯಾಮೆರಾ ಬಿಟ್ಟು ನೋಡಿ, "ಮಾತ್ರೆ ಬರೆದುಕೊಡಬಲ್ಲೆ, ನಿಮ್ಮ ಕಚೇರಿಗೆ ಏನು ಬರೆಯಲಿ?" ಎಂದರಂತೆ.

ಕಚೇರಿಗೆ ಬರೆಯುವುದು ನಮ್ಮ ಕೆಲಸ. ಬರೆದಿದ್ದೇವೆ. ಒಂದು ಮೈಕು, ಒಂದು ನಲ್ಲಿ, ಐದು ನಿಮಿಷ, ಇಷ್ಟೇ ಅದರಲ್ಲಿರುವುದು. ಕಾಜಾ ಅಕ್ಕ ಮೊದಲ ಸಹಿ ಹಾಕಿ, ಮೆಟ್ಟಿಲ ಮೇಲೆ ಕೂತು ಕಾಗದ ಹಿಡಿದುಕೊಂಡಿದ್ದಾಳೆ. ನೂರ ಮೂವತ್ತು ಜನ ಆ ಕಾಗದ ದಾಟಿ ಹೋಗಿದ್ದಾರೆ, ಸಹಿ ಬಿದ್ದಿರುವುದು ಹದಿನೇಳು. ಉಳಿದವರದು ಒಂದೇ ಮಾತು, ಸಹಿ ಹಾಕಿದರೆ ಪ್ರಕರಣಕ್ಕೆ ತೊಂದರೆಯಾದೀತು. ಅದೇ ಜನ ಒಳಗೆ ಹೋಗುವ ಮುಂಚೆ ಕೂಗಣ್ಣನ ಭುಜ ತಟ್ಟಿ, ಜೋರಾಗಿ ಕ್ಯಾಕರಿಸಪ್ಪ ಎಂದು ಹೇಳಿ ಹೋಗುತ್ತಾರೆ.

ನೀವು ಆ ಕಾರಿಡಾರಿನಲ್ಲಿ ಕೂತವರೋ, ಮುಂದೆ ಕೂರುವವರೋ, ಕೂರುವವರ ಅಣ್ಣ ತಮ್ಮ ಅಕ್ಕ ತಂಗಿಯೋ ಆಗಿರುತ್ತೀರಿ. ಸೋಮವಾರ ಹತ್ತೂವರೆಗೆ ಬನ್ನಿ, ಸಹಿ ಹಾಕಿ. ಹಾಕುವುದಿಲ್ಲವಾದರೆ ಬಾಗಿಲ ತನಕ ಅರವತ್ತು ಹೆಜ್ಜೆ ನಡೆದು ಹೋಗಿ, ಯಾಕೆ ಹಾಕುವುದಿಲ್ಲ ಎಂದು ಆತನ ಮುಖಕ್ಕೇ ಹೇಳಿ.